ನಿಮಗಿದು ಗೊತ್ತೇ? ಕೈಗಾದಿಂದ ಅಣ್ಣಿಗೇರಿಗೆ ಎಷ್ಟು ದೂರ?

◆ ನಕಾಶೆ ಬಿಡಿಸಿ ಅಣ್ಣಿಗೇರಿಯಿಂದ ಕೈಗಾ ಅಣು ವಿದ್ಯುತ್ ಸ್ಥಾವರಕ್ಕೆ ನೇರ ಗೆರೆ ಎಳೆದರೆ ಸುಮಾರು 120 ಕಿಲೋಮೀಟರ್. ಧಾರವಾಡದಿಂದ 90, ಕಲಘಟಗಿಯಿಂದ 70ರ ಆಸುಪಾಸು. ಕಾಳಿ ನದಿಯ ದಂಡೆಯಲ್ಲಿ, ಕದ್ರಾ ಜಲಾಶಯದ ಮಗ್ಗುಲಿಗೆ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಅಲ್ಲಿಂದ ಹೊರಡುವ 400 ಕೆ.ವಿ. ಮಾರ್ಗಗಳಲ್ಲಿ ಒಂದು ಬಂದು ಮುಟ್ಟುವುದು ಧಾರವಾಡದ ಪಕ್ಕದ ನರೇಂದ್ರ ಉಪಕೇಂದ್ರವನ್ನು. ಕರೆಂಟಿನ ಲೆಕ್ಕದಲ್ಲಿ ನಾವು ಕೈಗಾದ ನೆರೆಯವರೇ.

◆ ನಮ್ಮ ದೇಶದಲ್ಲಿ ಅಣುಸ್ಥಾವರದ ಸುತ್ತ 16 ಕಿಲೋಮೀಟರ್ ವ್ಯಾಪ್ತಿಯನ್ನು ತುರ್ತು ಯೋಜನಾ ವಲಯ ಎಂದು ಗುರುತಿಸಿ, ಜನರನ್ನು ತೆರವು ಮಾಡುವ ತಯಾರಿ ಇಟ್ಟುಕೊಳ್ಳುತ್ತಾರೆ. ಸ್ಥಾವರದ ಬೇಲಿಯ ಹೊರಗಿನ ತುರ್ತುಸ್ಥಿತಿಗೆ ಮುಖ್ಯಸ್ಥರು ಜಿಲ್ಲಾಧಿಕಾರಿ. ಕೈಗಾದ ಮಟ್ಟಿಗೆ ಉತ್ತರ ಕನ್ನಡದವರು. ಅಣ್ಣಿಗೇರಿ, ನವಲಗುಂದ, ಕುಂದಗೋಳ ಈ ವಲಯದಿಂದ ಬಹಳ ಹೊರಗಿವೆ. ಹಾಗಾಗಿ ಕೈಗಾದಲ್ಲಿ ಅವಘಡವೇನಾದರೂ ನಡೆದರೆ ನಮ್ಮೂರಲ್ಲಿ ಸೈರನ್ ಕೂಗುವುದಿಲ್ಲ. ನಮಗೆ ಮೊದಲು ಮುಟ್ಟುವುದು ವಿಕಿರಣವಲ್ಲ, ಮೊಬೈಲಿಗೆ ಬರುವ ಸುದ್ದಿ. ಆ ಸುದ್ದಿಯನ್ನು ಜರಡಿ ಹಿಡಿಯುವುದು ಹೇಗೆಂದು ಇವತ್ತೇ ತಿಳಿದುಕೊಳ್ಳಬೇಕು.

◆ ಕೈಗಾದ ಗುಮ್ಮಟ ಕುಸಿದದ್ದು 1994ರ ಮೇ 13ರಂದು. ಮೊದಲ ಘಟಕದ ರಿಯಾಕ್ಟರ್ ಕಟ್ಟಡದ ಒಳಗುಮ್ಮಟದಿಂದ ಸುಮಾರು 130 ಟನ್ ಕಾಂಕ್ರೀಟ್ ಕಳಚಿ ಬಿತ್ತು. ಆಗಿನ್ನೂ ಕಟ್ಟಡದ ಕೆಲಸ ನಡೆದಿತ್ತು, ಇಂಧನ ತುಂಬಿರಲಿಲ್ಲ. ಆದ್ದರಿಂದ ವಿಕಿರಣ ಸೋರುವ ಮಾತೇ ಇರಲಿಲ್ಲ. ಆದರೆ ಅನಾಹುತವಾದಾಗ ವಿಷವನ್ನು ಒಳಗೇ ಹಿಡಿದಿಡಬೇಕಾದ ಗೋಡೆಯೇ ಅದು. ಅದೇ ಬಿದ್ದ ಮೇಲೆ ಜನ ಅಂಜಿದ್ದರಲ್ಲಿ ತಪ್ಪೇನಿತ್ತು? ವಿನ್ಯಾಸ ಬದಲಾಯಿತು, ಕೆಲಸ ವರ್ಷಗಟ್ಟಲೆ ಹಿಂದೆ ಬಿತ್ತು.

◆ ಅದೇ ಮೊದಲ ಘಟಕ 2016ರ ಮೇ 13ರಂದು ಚಾಲೂ ಆಗಿ, 2018ರ ಡಿಸೆಂಬರ್ 31ರವರೆಗೆ ಒಂದು ದಿನವೂ ನಿಲ್ಲದೆ 962 ದಿನ ಓಡಿ ಆಗ ಜಗತ್ತಿನ ದಾಖಲೆ ಬರೆಯಿತು. ಎರಡೂ ಸಂಗತಿ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಓದುಗರಿಗೆ ಅನ್ಯಾಯ.

◆ 2009ರ ನವೆಂಬರ್ 24. ಕೈಗಾ ನೌಕರರ ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಕೆಲವರಿಗೆ ಟ್ರಿಟಿಯಂ ಎಂಬ ವಿಕಿರಣ ವಸ್ತುವಿನ ಅಂಶ ಏರಿದ್ದು ಕಂಡಿತು. ಹುಡುಕುತ್ತ ಹೋದರೆ ಮೂಲ ಸಿಕ್ಕಿದ್ದು ಕುಡಿಯುವ ನೀರಿನ ಕೂಲರ್‌ನಲ್ಲಿ. ಐವತ್ತಕ್ಕೂ ಹೆಚ್ಚು ಮಂದಿಯ ಮೈಯೊಳಗೆ ಟ್ರಿಟಿಯಂ ಸೇರಿತ್ತು. ಯಾರೋ ಬೇಕೆಂದೇ ಟ್ರಿಟಿಯಂ ಬೆರೆತ ಭಾರಜಲವನ್ನು ಕೂಲರ್‌ಗೆ ಹಾಕಿದ್ದಾರೆಂದು ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಅನಿಲ್ ಕಾಕೋಡ್ಕರ್ ಹೇಳಿದರು. ರಿಯಾಕ್ಟರ್‌ನಿಂದ ಹೊರಗೆ ಸೋರಿಕೆಯಾಗಿರಲಿಲ್ಲ. ಆದರೆ ಸುದ್ದಿ ಹೊರಜಗತ್ತಿಗೆ ಗೊತ್ತಾಗುವ ಹೊತ್ತಿಗೆ ದಿನಗಳೇ ಕಳೆದಿದ್ದವು. ಆ ದಿನಗಳ ಮೌನವೇ ಆಮೇಲಿನ ಗಾಬರಿಗೆ ಗೊಬ್ಬರವಾಯಿತು ಎಂಬುದು ನನ್ನ ಅಭಿಪ್ರಾಯ.

◆ ಟ್ರಿಟಿಯಂ ಅರ್ಧದಷ್ಟು ಕರಗಲು 12 ವರ್ಷ ಬೇಕು. ಆದರೆ ಮೈಯೊಳಗೆ ಹೋದದ್ದರಲ್ಲಿ ಅರ್ಧ ಸುಮಾರು 10 ದಿನಗಳಲ್ಲೇ ಮೂತ್ರ, ಬೆವರಿನ ಮೂಲಕ ಹೊರಬೀಳುತ್ತದೆ. ಹೆಚ್ಚು ನೀರು ಕುಡಿಸಿ ಅದನ್ನು ಇನ್ನೂ ಬೇಗ ಹೊರಹಾಕಿಸುವುದೇ ಇದಕ್ಕೆ ಚಿಕಿತ್ಸೆ.

◆ ಅಣು ಅವಘಡಗಳಿಗೆ 1ರಿಂದ 7ರವರೆಗೆ ಅಂತರರಾಷ್ಟ್ರೀಯ ಮಟ್ಟಗಳಿವೆ. 7 ಸಿಕ್ಕಿದ್ದು ಎರಡಕ್ಕೇ: 1986ರ ಚೆರ್ನೋಬಿಲ್, 2011ರ ಜಪಾನಿನ ಫುಕುಶಿಮಾ. ಭಾರತದ ವಿದ್ಯುತ್ ರಿಯಾಕ್ಟರ್‌ಗಳಲ್ಲಿ ಅತಿ ಗಂಭೀರ ಘಟನೆ ಎಂದರೆ 1993ರ ಮಾರ್ಚ್ 31ರ ನರೋರಾ ಸ್ಥಾವರದ ಬೆಂಕಿ, 3ನೇ ಮಟ್ಟ. 17 ತಾಸು ಸ್ಥಾವರಕ್ಕೆ ವಿದ್ಯುತ್ತೇ ಇರಲಿಲ್ಲ. ವಿಕಿರಣ ಹೊರಬರಲಿಲ್ಲ. ನರೋರಾದ್ದೂ ಕೈಗಾದ್ದೂ ಒಂದೇ ಜಾತಿಯ, ಭಾರಜಲದ ರಿಯಾಕ್ಟರ್. ಫುಕುಶಿಮಾಕ್ಕೆ ಸರಿಯಾಗಿ ಐದು ವರ್ಷ ತುಂಬಿದ ದಿನ, 2016ರ ಮಾರ್ಚ್ 11ರಂದು, ಶೈತ್ಯಜಲ ಸೋರಿದ ಗುಜರಾತಿನ ಕಾಕ್ರಪಾರ್ ಘಟಕವೂ ಅದೇ ಬಗೆಯದು.

◆ ಫುಕುಶಿಮಾಕ್ಕೆ ಮೊದಲು ಕೊಟ್ಟ ಮಟ್ಟ 4. ಮಾರ್ಚ್ 18ಕ್ಕೆ ಅದು 5 ಆಯಿತು, ಏಪ್ರಿಲ್ 12ಕ್ಕೆ ಏಕಾಏಕಿ 7. ಅಂಕಿ ಏರಿದ್ದು ಕಂಡು ಆ ದಿನವೇ ಏನೋ ಹೊಸದಾಗಿ ಸಿಡಿಯಿತೆಂದು ಹಲವರು ಹೌಹಾರಿದರು. ಆಗಿದ್ದು ಬೇರೆ. ಮೊದಲ ಕೆಲವು ದಿನಗಳಲ್ಲೇ ಹೊರಬಿದ್ದ ವಿಕಿರಣದ ಲೆಕ್ಕ ತಿಂಗಳ ಮೇಲೆ ಕೂಡಿಬಂದಿತ್ತು. ಮುಂದೆ ಎಂದಾದರೂ ಇಂಥ ಅಂಕಿ ಏರಿದಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದು ಇವತ್ತಿನ ಸೋರಿಕೆಯೋ, ಹಿಂದಿನದರ ಲೆಕ್ಕವೋ?

◆ ಈಗ ಹೇಳುವುದನ್ನು ದಯವಿಟ್ಟು ನಿಧಾನವಾಗಿ ಓದಿ. 2011ರ ಮಾರ್ಚ್ 11ರ ರಾತ್ರಿ ಫುಕುಶಿಮಾ ಸುತ್ತ 2 ಕಿಲೋಮೀಟರ್ ಒಳಗಿನವರು ಜಾಗ ಬಿಡಬೇಕೆಂಬ ಆದೇಶ ಬಂತು. ಅರ್ಧ ತಾಸಿನಲ್ಲೇ ಅದು 3 ಆಯಿತು. ಮರುದಿನ ಬೆಳಗ್ಗೆ 10, ಸಂಜೆ 20. ಒಂದೇ ದಿನದಲ್ಲಿ ನಾಲ್ಕು ಆದೇಶ. ಕೆಲವೇ ದಿನಗಳಲ್ಲಿ ಅಮೆರಿಕ ತನ್ನ ನಾಗರಿಕರಿಗೆ 80 ಕಿಲೋಮೀಟರ್ ದೂರ ಹೋಗಲು ಹೇಳಿತು. ಯಾರ ಮಾತು ನಂಬಬೇಕು? ನಾಮಿಎ ಎಂಬ ಪಟ್ಟಣದ ಜನ ಸ್ಥಾವರದಿಂದ ದೂರ, ವಾಯವ್ಯ ದಿಕ್ಕಿನ ತ್ಸುಷಿಮಾ ಭಾಗದ ಮಲೆನಾಡ ಹಳ್ಳಿಗಳಿಗೆ ಹೋಗಿ ಉಳಿದರು. ಗಾಳಿ ವಿಕಿರಣವನ್ನು ಹೊತ್ತೊಯ್ದದ್ದೂ ಅದೇ ದಿಕ್ಕಿಗೆ. ವಿಕಿರಣ ಎತ್ತ ಸಾಗೀತೆಂದು ಅಂದಾಜಿಸುವ ಕಂಪ್ಯೂಟರ್ ವ್ಯವಸ್ಥೆಯೊಂದು ಜಪಾನ್ ಸರ್ಕಾರದ ಕೈಯಲ್ಲಿತ್ತು. ಅದರ ಮಾಹಿತಿ ಆ ಊರಿಗೆ ಹೊತ್ತಿಗೆ ಸರಿಯಾಗಿ ತಲುಪಲೇ ಇಲ್ಲ. ಮಕ್ಕಳು ಅಲ್ಲಿ ಹೊರಗೆ ಬಯಲಲ್ಲಿ ಇದ್ದರು. ಅಧಿಕಾರಿಗಳು ಗಾಬರಿ ಹಬ್ಬಿಸಬಾರದೆಂದು ಸುಮ್ಮನಿದ್ದರೋ, ಅಂದಾಜು ಪಕ್ಕಾ ಇಲ್ಲವೆಂದು ಸುಮ್ಮನಿದ್ದರೋ, ಪರಿಣಾಮ ಒಂದೇ. ಜನ ಸತ್ಯವನ್ನು ತಡೆದುಕೊಳ್ಳಲಾರರು ಎಂಬುದು ಆಳುವವರ ಊಹೆ. ಸತ್ಯ ತಡವಾಗಿ ಗೊತ್ತಾದದ್ದನ್ನು ಮಾತ್ರ ನಾಮಿಎಯವರಿಗೆ ತಡೆದುಕೊಳ್ಳಲಾಗಲಿಲ್ಲ.

◆ ಓಡುವುದೂ ಕೊಲ್ಲುತ್ತದೆ. ಫುಕುಶಿಮಾ ಸುತ್ತಲಿನ ಆಸ್ಪತ್ರೆ, ವೃದ್ಧಾಶ್ರಮಗಳಿಂದ ಹಾಸಿಗೆ ಹಿಡಿದವರನ್ನು ಬಸ್ಸುಗಳಲ್ಲಿ ತುಂಬಿ ಗಂಟೆಗಟ್ಟಲೆ ಸಾಗಿಸುವಾಗ, ಸಾಗಿಸಿದ ಹಿಂದೆಯೇ, ಐವತ್ತಕ್ಕೂ ಹೆಚ್ಚು ಮಂದಿ ತೀರಿಹೋದರು. ತೆರವು, ನಿರಾಶ್ರಿತರ ಬದುಕು, ಮನೋಕ್ಲೇಶದ ಖಾತೆಗೆ ಆ ಪ್ರಾಂತ ಬರೆದುಕೊಂಡ ಸಾವುಗಳು 2,000ಕ್ಕೂ ಹೆಚ್ಚು. ಅದೇ ಹೊತ್ತಿಗೆ, ಅಲ್ಲಿನ ಸಾರ್ವಜನಿಕರ ಆರೋಗ್ಯದ ಮೇಲೆ ನೇರ ವಿಕಿರಣದ ಪರಿಣಾಮ ಗುರುತಿಸುವಂತೆ ಕಂಡಿಲ್ಲ ಎಂದು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿ ವರದಿ ಮಾಡಿದೆ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ, ಯಾರೋ ಹೇಳಿದರೆಂದು ರಾತ್ರೋರಾತ್ರಿ ಟ್ರ್ಯಾಕ್ಸ್ ಹತ್ತಿಸುವ ಮುನ್ನ ಇದು ನೆನಪಿರಲಿ.

◆ 1979ರ ಮಾರ್ಚ್‌ನಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರ ಕೆಟ್ಟಾಗ, 5 ಮೈಲಿ ಒಳಗಿನ ಗರ್ಭಿಣಿಯರು ಮತ್ತು ಪುಟ್ಟ ಮಕ್ಕಳು ಹೊರಟರೆ ಒಳ್ಳೆಯದೆಂದು ಗವರ್ನರ್ ಸೂಚಿಸಿದರು. ಕೆಲವೇ ಸಾವಿರ ಜನರಿಗೆ ಅನ್ವಯಿಸುವ ಮಾತು. ಊರು ಬಿಟ್ಟವರು ಸುಮಾರು 1,40,000.

◆ ಚೆರ್ನೋಬಿಲ್ ಸಿಡಿದದ್ದು 1986ರ ಏಪ್ರಿಲ್ 26ರ ನಸುಕಿನ 1.23ಕ್ಕೆ. ಪಕ್ಕದ ಪ್ರಿಪ್ಯಾತ್ ಪಟ್ಟಣದ ಸುಮಾರು 49,000 ಜನರನ್ನು ಬಸ್ಸು ಹತ್ತಿಸಿದ್ದು ಮರುದಿನ ಮಧ್ಯಾಹ್ನ. ಜಗತ್ತಿಗೆ ತಿಳಿದದ್ದು ಅದರ ಮರುದಿನ, ಅದೂ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಸ್ವೀಡನ್ನಿನಲ್ಲಿ. ಫೋರ್ಸ್‌ಮಾರ್ಕ್ ಅಣುಸ್ಥಾವರದ ನೌಕರರೊಬ್ಬರ ಬೂಟು ತಪಾಸಣೆ ಯಂತ್ರದಲ್ಲಿ ಗಂಟೆ ಬಾರಿಸಿತು. ತಮ್ಮ ಸ್ಥಾವರವೇ ಸೋರುತ್ತಿದೆ ಎಂದು ಅವರು ಹುಡುಕಿದರು. ಗಾಳಿಯ ಜಾಡು ಹಿಡಿದಾಗ ಬೆರಳು ಸೋವಿಯತ್ ನಾಡಿನತ್ತ ತಿರುಗಿತು. ಇಷ್ಟಾದರೂ ಕೀವ್ ನಗರದಲ್ಲಿ ಮೇ 1ರ ಮೆರವಣಿಗೆ ನಡೆಯಿತು, ಮಕ್ಕಳು ನಡೆದರು.

◆ ಪಕ್ಕದ ಪೋಲೆಂಡ್ ಬೇರೆ ದಾರಿ ಹಿಡಿಯಿತು. ಕೆಲವೇ ದಿನಗಳಲ್ಲಿ ಸುಮಾರು 1 ಕೋಟಿ 80 ಲಕ್ಷ ಜನರಿಗೆ ಅಯೋಡಿನ್ ದ್ರಾವಣ ಕುಡಿಸಿತು. ಅದರಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿ ಮಕ್ಕಳು.

◆ ಅಯೋಡಿನ್ ಏಕೆ? ಅಪಘಾತದಲ್ಲಿ ಹೊರಬರುವ ವಿಕಿರಣಶೀಲ ಅಯೋಡಿನ್-131 ಕೊರಳಿನ ಥೈರಾಯ್ಡ್ ಗ್ರಂಥಿಯಲ್ಲಿ ಹೋಗಿ ಕೂರುತ್ತದೆ. ಒಳ್ಳೆಯ ಅಯೋಡಿನ್‌ನಿಂದ ಗ್ರಂಥಿಯನ್ನು ಮೊದಲೇ ತುಂಬಿಸಿಟ್ಟರೆ ಕೆಟ್ಟದ್ದಕ್ಕೆ ಜಾಗವಿರುವುದಿಲ್ಲ. ಗುಳಿಗೆ ನುಂಗಬೇಕಾದದ್ದು ವಿಕಿರಣ ಮುಟ್ಟುವ ತುಸು ಮೊದಲು ಅಥವಾ ಮುಟ್ಟಿದ ಕೆಲವೇ ತಾಸಿನೊಳಗೆ. ಅದೂ ಅಧಿಕಾರಿಗಳು ಹೇಳಿದರೆ ಮಾತ್ರ. ಮಕ್ಕಳಿಗೆ, ಗರ್ಭಿಣಿಯರಿಗೆ, ಎದೆಹಾಲುಣಿಸುವವರಿಗೆ ಮೊದಲ ಹಕ್ಕು. 40 ದಾಟಿದವರಿಗೆ ಲಾಭ ಕಡಿಮೆ. ಸೀಸಿಯಂನಂಥ ಬೇರೆ ವಿಕಿರಣ ವಸ್ತುಗಳಿಗೆ ಇದು ತಡೆಯೇ ಅಲ್ಲ.

◆ ಹಾಗಾದರೆ ಅಯೋಡಿನ್ ಉಪ್ಪು ಹೆಚ್ಚು ತಿಂದರೆ? ಫುಕುಶಿಮಾ ನಂತರ ಚೀನಾದ ಊರೂರುಗಳಲ್ಲಿ ಜನ ಅಂಗಡಿಗೆ ಮುಗಿಬಿದ್ದು ಉಪ್ಪಿನ ಪಾಕೀಟು ಖಾಲಿ ಮಾಡಿದರು. ಲೆಕ್ಕ ಹಾಕೋಣ. ನಮ್ಮ ದೇಶದ ನಿಯಮದಂತೆ ಗ್ರಾಹಕರ ಕೈಗೆ ಬರುವ ಉಪ್ಪಿನಲ್ಲಿ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು. ದೊಡ್ಡವರ ಒಂದು ಗುಳಿಗೆಯಲ್ಲಿರುವುದು ಸುಮಾರು 100 ಮಿಲಿಗ್ರಾಂ. ಅಷ್ಟಕ್ಕೆ ಆರೂವರೆ ಕಿಲೋಗೂ ಹೆಚ್ಚು ಉಪ್ಪು ಒಂದೇ ಸಲ ತಿನ್ನಬೇಕು. ವಿಕಿರಣ ಬರುವ ಮೊದಲೇ ಉಪ್ಪು ಕೊಲ್ಲುತ್ತದೆ.

◆ ಅದೇ ಮಾರ್ಚ್‌ನಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಹೆಸರಾಂತ ಸುದ್ದಿಸಂಸ್ಥೆಯ ಹೆಸರು ಹಾಕಿದ ಸುಳ್ಳು ಎಸ್‌ಎಂಎಸ್ ಹರಿದಾಡಿತು: ಮಳೆ ಬಂದರೆ ಹೊರಗೆ ಬರಬೇಡಿ, ಕೊರಳಿಗೆ ಬೆಟಾಡಿನ್ ಹಚ್ಚಿಕೊಳ್ಳಿ. ಹಚ್ಚಿಕೊಂಡರೆ ಉಪಯೋಗವಿಲ್ಲ, ಕುಡಿದರೆ ಅಪಾಯ.

◆ ಅಯೋಡಿನ್-131 ಮಕ್ಕಳನ್ನು ಮುಟ್ಟುವ ಹೆದ್ದಾರಿ ಹಾಲು. ಹುಲ್ಲಿನ ಮೇಲೆ ಬೀಳುತ್ತದೆ, ಆಕಳು ಮೇಯುತ್ತದೆ, ಒಂದೆರಡು ದಿನದಲ್ಲಿ ಹಾಲಿಗೆ ಇಳಿಯುತ್ತದೆ. ಚೆರ್ನೋಬಿಲ್ ಸುತ್ತ ಸಾವಿರಾರು ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂದದ್ದು ಹೆಚ್ಚಾಗಿ ಹಾಲಿನಿಂದಲೇ. 1957ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್ ರಿಯಾಕ್ಟರ್‌ಗೆ ಬೆಂಕಿ ಬಿದ್ದಾಗ ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ಚೆಲ್ಲಿಸಿದರು. ಚೆರ್ನೋಬಿಲ್ ಸಿಡಿದಾಗ ಸೋವಿಯತ್ ಅಧಿಕಾರಿಗಳು ಹಳ್ಳಿಯವರಿಗೆ ಹಾಲು ಚೆಲ್ಲಿ ಎಂಬ ಒಂದು ಮಾತನ್ನು ಸಕಾಲಕ್ಕೆ ಹೇಳಿದ್ದರೆ ಎಷ್ಟೋ ಕೊರಳುಗಳಿಗೆ ಕತ್ತರಿ ಬೀಳುತ್ತಿರಲಿಲ್ಲ.

◆ ಇಲ್ಲಿ ನಮ್ಮ ಹಿತ್ತಲಿನ ಬಣವಿಗೆ ಬೆಲೆ ಬರುತ್ತದೆ. ಬಯಲಲ್ಲಿ ಮೇಯಿಸುವುದನ್ನು ನಿಲ್ಲಿಸಿ, ಮೊದಲೇ ಕೂಡಿಟ್ಟ ಒಣಮೇವು ಹಾಕುವುದೇ ಹಾಲನ್ನು ಕಾಯುವ ಮೊದಲ ಉಪಾಯ ಎಂದು ತಜ್ಞರು ಹೇಳುತ್ತಾರೆ. ಜೋಳದ ಕಣಿಕೆಯ ಬಣವಿಗೆ ತಾಡಪತ್ರಿ ಹೊದಿಸಿದ್ದರೆ ಒಳಗಿನ ಸೂಡು ಶುದ್ಧವಾಗಿಯೇ ಇರುತ್ತದೆ. ಹೊದಿಸದಿದ್ದರೆ ಮೇಲಿನ ಪದರ ತೆಗೆದಿಟ್ಟು ಒಳಗಿನದನ್ನು ಹಾಕಬೇಕು. ಕೊಟ್ಟಿಗೆಯಲ್ಲೇ ಕಟ್ಟಿ, ಮುಚ್ಚಿದ ತೊಟ್ಟಿಯ ನೀರು ಕುಡಿಸಬೇಕು. ಅಯೋಡಿನ್-131 ಪ್ರತಿ 8 ದಿನಕ್ಕೆ ಅರ್ಧವಾಗುತ್ತದೆ. ಮೂರು ತಿಂಗಳಲ್ಲಿ ಸಾವಿರದಲ್ಲೊಂದು ಪಾಲೂ ಉಳಿಯುವುದಿಲ್ಲ. ಅಷ್ಟು ದಿನಕ್ಕೆ ಸಾಕಾಗುವ ಕಣಿಕೆ ಎಷ್ಟು ಮನೆಗಳಲ್ಲಿ ಉಳಿದಿದೆ ಎಂಬುದು ಬರಗಾಲ ಕಂಡ ಈ ಸೀಮೆಯಲ್ಲಿ ಬೇರೆಯೇ ಚಿಂತೆ. ಕಣದಲ್ಲಿ ಒಣಹಾಕಿದ ಬ್ಯಾಡಗಿ ಮೆಣಸಿನಕಾಯಿಗೂ ತಾಡಪತ್ರಿಯ ಇದೇ ಮಾತು ಅನ್ವಯ.

◆ ಮುಂಗಾರಿನಲ್ಲಿ ನೈಋತ್ಯದ ಗಾಳಿ ಬೀಸುವ ದಿಕ್ಕಿನಲ್ಲೇ, ಅಂದರೆ ಕೈಗಾದ ಈಶಾನ್ಯಕ್ಕೆ, ನಮ್ಮ ಧಾರವಾಡ ಜಿಲ್ಲೆ ಇದೆ. ಹಿಂಗಾರಿನಲ್ಲಿ ಗಾಳಿ ಮೂಡಣದಿಂದ ಸಮುದ್ರದತ್ತ ತಿರುಗುತ್ತದೆ. 120 ಕಿಲೋಮೀಟರ್ ಬರುವಷ್ಟರಲ್ಲಿ ವಿಕಿರಣದ ಮೋಡ ಬಹಳ ತೆಳುವಾಗಿರುತ್ತದೆ. ಆದರೆ ಮಳೆ ಅದನ್ನು ಒಂದೇ ಕಡೆ ಇಳಿಸಿಬಿಡಬಲ್ಲದು. ಚೆರ್ನೋಬಿಲ್‌ನಿಂದ ಅಷ್ಟು ದೂರದ ಬ್ರಿಟನ್ನಿನ ವೇಲ್ಸ್ ಗುಡ್ಡಗಳಲ್ಲಿ ಆ ವಾರ ಮಳೆ ಸುರಿಯಿತು. ಅಲ್ಲಿನ ಕುರಿ ಮಾರಾಟದ ಮೇಲಿನ ನಿರ್ಬಂಧ ಪೂರ್ತಿ ತೆರವಾದದ್ದು 2012ರಲ್ಲಿ, 26 ವರ್ಷಗಳ ಮೇಲೆ. ಅಲ್ಲಿನ ಜವುಗು ಮಣ್ಣು ಸೀಸಿಯಂ ಅನ್ನು ಹುಲ್ಲಿಗೆ ಸುಲಭವಾಗಿ ಬಿಟ್ಟುಕೊಟ್ಟಿತು. ಜೇಡಿ ಅಂಶ ಹೆಚ್ಚಿರುವ ಮಣ್ಣು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನಮ್ಮ ಎರೆ ಹೊಲಗಳಲ್ಲಿ ಜೇಡಿ ಅಂಶಕ್ಕೆ ಕೊರತೆಯಿಲ್ಲ.

◆ ಟೋಕಿಯೊ ನಗರದ ನಲ್ಲಿ ನೀರಿನಲ್ಲಿ 2011ರ ಮಾರ್ಚ್ 22ರಂದು ಲೀಟರಿಗೆ 210 ಬೆಕೆರೆಲ್ (ವಿಕಿರಣದ ಅಳತೆ) ಅಯೋಡಿನ್-131 ಕಂಡಿತು. ಹಸುಗೂಸುಗಳಿಗೆ ಮಿತಿ 100, ದೊಡ್ಡವರಿಗೆ 300. ಸರ್ಕಾರ ಮರುದಿನವೇ ಅಂಕಿ ಹೇಳಿತು, ಕೂಸಿರುವ ಮನೆಗಳಿಗೆ 2,40,000 ಬಾಟಲಿ ನೀರು ಹಂಚಿತು. ಎರಡು ದಿನದಲ್ಲಿ ಪ್ರಮಾಣ 79ಕ್ಕೆ ಇಳಿಯಿತು. ಅಂಗಡಿಗಳಲ್ಲಿ ನೀರು ಖಾಲಿಯಾದದ್ದು ನಿಜ. ಆದರೂ ಅಂಕಿ, ಮಿತಿ, ಯಾರಿಗೆ ಅಪಾಯ, ಏನು ಮಾಡಬೇಕು ಎಂಬ ನಾಲ್ಕನ್ನೂ ಒಟ್ಟಿಗೆ ಹೇಳಿದ ಈ ಮಾದರಿ ನನಗೆ ಮೆಚ್ಚುಗೆ.

◆ ಅಣ್ಣಿಗೇರಿಗೂ ವಿಕಿರಣ ವಿಜ್ಞಾನಕ್ಕೂ ಹಳೆಯ ನಂಟಿದೆ. 2010ರ ಆಗಸ್ಟ್‌ನಲ್ಲಿ ಇಲ್ಲಿನ ಚರಂಡಿಯೊಂದರಲ್ಲಿ ನೂರಾರು ತಲೆಬುರುಡೆಗಳು ಸಾಲಾಗಿ ಸಿಕ್ಕಾಗ ಊರ ತುಂಬ ಒಬ್ಬೊಬ್ಬರದು ಒಂದೊಂದು ಕಥೆ. ಅವು ಆರು ಶತಮಾನದಷ್ಟು ಹಳೆಯವು ಎಂದು ಕೊನೆಗೆ ಹೇಳಿದ್ದು ಕಾರ್ಬನ್ ಕಾಲನಿರ್ಣಯ. ಪ್ರತಿ ಜೀವಿಯ ಎಲುಬಿನಲ್ಲೂ ಇರುವ ವಿಕಿರಣಶೀಲ ಕಾರ್ಬನ್-14 ಎಷ್ಟು ಕರಗಿದೆ ಎಂಬುದರ ಮೇಲೆ ಈ ಲೆಕ್ಕ ನಿಂತಿದೆ. ಅದು ಅರ್ಧವಾಗಲು 5,730 ವರ್ಷ.

◆ ಈ ಸಾಲು ಓದುತ್ತಿರುವ ನಿಮ್ಮ ಮೈಯಲ್ಲೂ ಪೊಟ್ಯಾಸಿಯಂ-40 ಇದೆ. ದೊಡ್ಡವರ ದೇಹದಲ್ಲಿ ಪ್ರತಿ ಸೆಕೆಂಡಿಗೆ ಅದರ 4,000ಕ್ಕೂ ಹೆಚ್ಚು ಪರಮಾಣುಗಳು ಸಿಡಿಯುತ್ತಿರುತ್ತವೆ. ನೆಲ, ಗಾಳಿ, ಆಕಾಶ, ಆಹಾರದಿಂದ ಮನುಷ್ಯರಿಗೆ ಸಿಗುವ ನೈಸರ್ಗಿಕ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನ್‌ಗೆ 8ರಿಂದ 10. ಮಂಗಳೂರು ಬಳಿಯ ಉಳ್ಳಾಲದ ಕಡಲತೀರದ ಮರಳಿನಲ್ಲಿ ಮೊನಜೈಟ್ ಇರುವ ಕಡೆ ನೈಸರ್ಗಿಕ ವಿಕಿರಣ ಹೆಚ್ಚೇ ಇರುತ್ತದೆ. ಆದ್ದರಿಂದ ‘ವಿಕಿರಣ ಪತ್ತೆ’ ಎಂಬಷ್ಟೇ ಸುದ್ದಿಗೆ ಅರ್ಥವಿಲ್ಲ. ಎಷ್ಟು, ಎಲ್ಲಿ, ಎಷ್ಟು ಹೊತ್ತು ಎಂದು ಕೇಳಿ.

◆ ಚೆರ್ನೋಬಿಲ್ ಭೀತಿ ನಮ್ಮ ಸುಪ್ರೀಂ ಕೋರ್ಟಿನ ಮೆಟ್ಟಿಲೂ ಹತ್ತಿತ್ತು. ಐರ್ಲೆಂಡಿನಿಂದ ಬಂದ ಬೆಣ್ಣೆಯಲ್ಲಿ ವಿಕಿರಣವಿದೆ ಎಂಬ ದೂರಿನ ಮೇಲೆ ನ್ಯಾಯಾಲಯ ಮೂವರು ತಜ್ಞರ ಸಮಿತಿ ನೇಮಿಸಿತು. ತಿನ್ನಲು ಅಡ್ಡಿಯಿಲ್ಲ ಎಂದು ಸಮಿತಿ ಹೇಳಿತು. ತೀರ್ಪು ಬಂದದ್ದು 1988ರಲ್ಲಿ.

◆ ಬ್ರೆಜಿಲ್‌ನ ಗೊಯಾನಿಯಾದಲ್ಲಿ 1987ರಲ್ಲಿ ಪಾಳುಬಿದ್ದ ಚಿಕಿತ್ಸಾಲಯದ ಯಂತ್ರವೊಂದು ಗುಜರಿಗೆ ಹೋಯಿತು. ಒಳಗಿದ್ದ ಸೀಸಿಯಂ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತೆಂದು ಮನೆಮನೆಗೆ ಹಂಚಿಕೊಂಡರು. ನಾಲ್ವರು ಸತ್ತರು, ಅವರಲ್ಲೊಬ್ಬಳು ಆರು ವರ್ಷದ ಹುಡುಗಿ. ತಪಾಸಣೆಗೆ ಕ್ರೀಡಾಂಗಣದಲ್ಲಿ ಸಾಲು ನಿಂತವರು 1,12,000 ಮಂದಿ. ಸೋಂಕಿದ್ದು 249 ಜನರಿಗೆ. ಆ ಮಗುವಿನ ಶವ ಹೂಳಲು ಹೋದಾಗ ಜನ ಕಲ್ಲು ತೂರಿದರು. ಆ ಊರಿನವರು ಹೊರಗೆ ಹೋಗಬೇಕೆಂದರೆ ವಿಕಿರಣವಿಲ್ಲ ಎಂಬ ಪ್ರಮಾಣಪತ್ರ ತೋರಿಸಬೇಕಾಯಿತು. ವಿಕಿರಣಕ್ಕೆ ಸಿಕ್ಕವರು ರೋಗ ಹರಡುವವರಲ್ಲ. ಬಟ್ಟೆ ಬದಲಿಸಿ, ಮೈ ತೊಳೆದರೆ ಮೈಮೇಲಿನ ಧೂಳಿನ ಬಹುಪಾಲು ಹೋಗುತ್ತದೆ. ನಮ್ಮೂರಿಗೂ ಎಂದಾದರೂ ಘಟ್ಟದ ಕಡೆಯವರು ಆಶ್ರಯ ಕೇಳಿಕೊಂಡು ಬಂದರೆ, ಬಚ್ಚಲು ತೋರಿಸಿ, ಬೇರೆ ಬಟ್ಟೆ ಕೊಟ್ಟು, ಒಳಗೆ ಕರೆಯಬೇಕು.

◆ ದಿಲ್ಲಿಯ ಮಾಯಾಪುರಿಯಲ್ಲಿ 2010ರಲ್ಲಿ ಇಂಥದೇ ನಡೆಯಿತು. ವಿಶ್ವವಿದ್ಯಾಲಯದಿಂದ ಹರಾಜಾದ ಹಳೆಯ ಉಪಕರಣದಲ್ಲಿ ಕೋಬಾಲ್ಟ್-60 ಇತ್ತು. ಗುಜರಿ ಅಂಗಡಿಯ ಕೆಲಸಗಾರರೊಬ್ಬರು ಜೀವ ಕಳೆದುಕೊಂಡರು. ಹಳದಿ ಹಿನ್ನೆಲೆಯಲ್ಲಿ ಮೂರು ರೆಕ್ಕೆಯ ಚಿಹ್ನೆ ಕಂಡ ಲೋಹದ ಡಬ್ಬಿಯನ್ನು ಯಾರೂ ಒಡೆಯಬಾರದು. ಅಣುಸ್ಥಾವರವಿಲ್ಲದ ಊರಲ್ಲೂ ಈ ಅಪಾಯ ಇದ್ದದ್ದೇ.

◆ ಅದೇ ಕೋಬಾಲ್ಟ್-60ರ ಕಿರಣ ಹಾಯಿಸಿದ ಮಸಾಲೆ, ಈರುಳ್ಳಿ ವಿಕಿರಣಶೀಲ ಆಗುವುದಿಲ್ಲ. ಅಣುವಿಜ್ಞಾನ ನಮ್ಮ ಹೊಲಕ್ಕೂ ಬಂದಿದೆ: ಧಾರವಾಡ ಕೃಷಿ ವಿಶ್ವವಿದ್ಯಾಲಯ ಮತ್ತು ಭಾಭಾ ಅಣು ಸಂಶೋಧನಾ ಕೇಂದ್ರ ಕೂಡಿ ಹೊರತಂದ ಟಿಡಿಜಿ-39 ಎಂಬ ಶೇಂಗಾ ತಳಿಯ ಹೆಸರಿನಲ್ಲೇ ಆ ಕೇಂದ್ರವಿರುವ ಟ್ರಾಂಬೆಯೂ ಇದೆ, ಧಾರವಾಡವೂ ಇದೆ.

◆ ಶಿವರಾಮ ಕಾರಂತರು 1989ರಲ್ಲಿ, 87ನೆಯ ವಯಸ್ಸಿನಲ್ಲಿ, ಕೆನರಾ ಕ್ಷೇತ್ರದಿಂದ ಲೋಕಸಭೆಗೆ ನಿಂತರು. ಕೈಗಾ ವಿರೋಧವೇ ಅವರ ದನಿಯಾಗಿತ್ತು. ಸೋತರು. ಆದರೆ ಅಣುಸ್ಥಾವರದ ಸುರಕ್ಷೆ ವಿಜ್ಞಾನಿಗಳ ಕೊಠಡಿಯ ವಿಷಯ ಮಾತ್ರವಲ್ಲ, ಹಳ್ಳಿಗರು ಪ್ರಶ್ನೆ ಕೇಳಬಹುದಾದ ವಿಷಯ ಎಂದು ಕನ್ನಡದಲ್ಲಿ ಮನೆಮಾತಾಗಿಸಿದವರಲ್ಲಿ ಅವರು ಮುಂದಿನ ಸಾಲಿನವರು.

◆ ಕೈಗಾದಲ್ಲಿ ಇನ್ನೆರಡು ಘಟಕಗಳಿಗೆ ಯೋಜನೆ ಸಿದ್ಧವಾಗಿದೆ. ಒಂದೊಂದೂ 700 ಮೆಗಾವಾಟ್, ಅಂದರೆ ಈಗಿನ ಮೂರು ಘಟಕ ಕೂಡಿದ್ದಕ್ಕಿಂತ ದೊಡ್ಡದು. ಇದರ ಪರಿಸರ ಅಹವಾಲು ಸಭೆ ಕೈಗಾ ಬಳಿಯ ಮಲ್ಲಾಪುರದಲ್ಲಿ ನಡೆದದ್ದು 2018ರ ಡಿಸೆಂಬರ್ 15ರಂದು. ಅದಕ್ಕೆ ಐದೇ ದಿನ ಮೊದಲು ಮೊದಲ ಘಟಕ ವಿಶ್ವದಾಖಲೆ ಮುರಿದಿತ್ತು. ಆದರೂ ಸಭೆಯಲ್ಲಿ ಎದ್ದದ್ದು ವಿರೋಧದ ದನಿ. ಪರಿಸರ ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಲೇಬೇಕೆಂದು 2006ರ ಅಧಿಸೂಚನೆ ಹೇಳುತ್ತದೆ. ಇಂಥ ಸಭೆಗೆ ಹೋಗಲಾಗದ, ಆದರೆ ಯೋಜನೆಯ ಪರಿಣಾಮ ತಟ್ಟಬಹುದಾದ ದೂರದವರೂ ಲಿಖಿತವಾಗಿ ಅಭಿಪ್ರಾಯ ಕಳಿಸಬಹುದು. ಅಣ್ಣಿಗೇರಿಯ ರೈತರು ಕೇಳಬಹುದಾದ ಪ್ರಶ್ನೆಗಳು ಸಾಕಷ್ಟಿವೆ: ಮುಂಗಾರಿನಲ್ಲಿ ಅವಘಡವಾದರೆ ನಮ್ಮ ಜಿಲ್ಲೆಯ ಹಾಲು, ಕೆರೆ ನೀರು ಪರೀಕ್ಷಿಸುವವರು ಯಾರು? ಫಲಿತಾಂಶವನ್ನು ಕನ್ನಡದಲ್ಲಿ, ಎಷ್ಟು ತಾಸಿನೊಳಗೆ ಹೇಳುತ್ತಾರೆ? ಚೆಲ್ಲಬೇಕಾದ ಹಾಲಿಗೆ ಹಣ ಕೊಡುವವರು ಯಾರು?

◆ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ ದೂರವಾಣಿ 1077. ವದಂತಿ ಬಂದ ರಾತ್ರಿ ಮುಂದಕ್ಕೆ ರವಾನಿಸುವ ಮೊದಲು ಒತ್ತಬೇಕಾದ ನಂಬರ್ ಅದು.